ಅಸ್ಥಿಯಲ್ಲಿ ಉಳಿದ ಋಣ

ಬಾಬುರಾಯನಕೊಪ್ಪಲಿನಂಥ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಹಾಲು, ರಾಗಿಯ ಅಂಬಲಿ ಕೊಡುವ ತಾಯಂದಿರು ‘ಮೂಳೆ ಗಟ್ಟಿಯಾಗಲಿ’ ಎನ್ನುವುದುಂಟು. ಅವುಗಳಲ್ಲಿರುವ ಸುಣ್ಣದ ಅಂಶವೇ ಅಸ್ಥಿಗೆ ಆಧಾರ. ಆದರೆ ಅಸ್ಥಿಗೆ ಮಿತ್ರ-ಶತ್ರುಗಳ ಭೇದ ತಿಳಿಯದು. ಸುಣ್ಣದ ಗುಣವನ್ನೇ ಹೋಲುವ ರೇಡಿಯಂ, ಸ್ಟ್ರಾನ್ಷಿಯಂ-90 ಎಂಬ ವಿಕಿರಣಶೀಲ ಧಾತುಗಳನ್ನೂ ಅದು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಈ ಸತ್ಯ ಮೊದಲು ಬಯಲಾದುದು ಮನುಷ್ಯರ ನೋವಿನಿಂದ. 1917ರಿಂದೀಚೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಗಳಿಂದ ಚೂಪುಗೊಳಿಸುತ್ತಿದ್ದರು. ಅವರ ದವಡೆಗಳು ಕೊಳೆತವು. ಹಲವರಿಗೆ ಅಸ್ಥಿಯ ಅರ್ಬುದರೋಗ ತಗುಲಿತು. 1925ರಲ್ಲಿ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಇದಕ್ಕೆ ರೇಡಿಯಮ್ಮೇ ಕಾರಣವೆಂದು ತೋರಿಸಿದರು. 1941ರಲ್ಲಿ, ದೇಹದೊಳಗೆ 0.1 ಮೈಕ್ರೋಗ್ರಾಮಿಗಿಂತ ಹೆಚ್ಚು ರೇಡಿಯಂ ಇರಕೂಡದೆಂಬ ಮಿತಿ ಬಂದಿತು.

ಅಷ್ಟರಲ್ಲಿ ಅಣುಬಾಂಬಿನೊಡನೆ ಪ್ಲುಟೋನಿಯಂ ಬಂದಿತು. ಅದಕ್ಕೆ ಮಾನವಾನುಭವದ ಅಳತೆಗೋಲು ಇರಲಿಲ್ಲ. 1952ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಬೀಗಲ್ ಜಾತಿಯ ನಾಯಿಗಳ ರಕ್ತನಾಳಕ್ಕೆ ಪ್ಲುಟೋನಿಯಂ, ರೇಡಿಯಂಗಳನ್ನು ಚುಚ್ಚಿ, ಅವುಗಳ ಆಯುಷ್ಯ ಮುಗಿಯುವವರೆಗೆ ಗಮನಿಸುವ ಕಾರ್ಯ ಆರಂಭವಾಯಿತು. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಆಹಾರದೊಡನೆ ಸ್ಟ್ರಾನ್ಷಿಯಂ-90 ಉಣಿಸಲಾಯಿತು. ಅನೇಕ ನಾಯಿಗಳು ಅಸ್ಥಿಯ ಅರ್ಬುದದಿಂದ ಸತ್ತವು. ರೇಡಿಯಂ ಅಸ್ಥಿಯ ಒಳಭಾಗಕ್ಕೂ ಹರಡುತ್ತದೆ. ಪ್ಲುಟೋನಿಯಮ್ಮಾದರೋ ಜೀವಕೋಶಗಳಿರುವ ಮೇಲ್ಮೈಯಲ್ಲೇ ನೆಲೆಸುವುದರಿಂದ ಹೆಚ್ಚು ಘಾತಕವೆಂಬುದು ಇದರಿಂದ ಖಚಿತವಾಯಿತು.

ಅಣುಕಾರ್ಮಿಕರ ರಕ್ಷಣೆಗಾಗಿ ಜಗತ್ತು ರೂಪಿಸಿಕೊಂಡ ಮಿತಿಗಳ ಹಿಂದೆ ಈ ಜ್ಞಾನವೂ ಇದೆ. ನಮ್ಮ ಕೈಗಾದ ವಿದ್ಯುತ್ತನ್ನು ಬಳಸುವವರು ಈ ಋಣದಿಂದ ಹೊರಗಲ್ಲ.

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಶ್ರಾವಕನು ಸರ್ವಥಾ ತ್ಯಜಿಸಬೇಕೆಂದರು. ಪ್ರಯೋಗಶಾಲೆಯ ಹಿಂಸೆ ಆಕಸ್ಮಿಕವಲ್ಲ. ಯೋಚಿಸಿ, ಅಳೆದು, ಚುಚ್ಚಿದ್ದು. ಉದ್ದೇಶ ಪರರಕ್ಷಣೆಯೇ ಆದರೂ ನೋವುಂಡ ಪಂಚೇಂದ್ರಿಯ ಜೀವಿಯ ಸಮ್ಮತಿ ಅಲ್ಲಿರಲಿಲ್ಲ. ಹಾಗೆಂದು ದೊರೆತ ತಿಳಿವನ್ನು ಎಸೆದರೆ ಸತ್ತ ನಾಯಿ ಬದುಕದು, ಕಾರ್ಮಿಕನೂ ಅಪಾಯಕ್ಕೀಡಾಗುವನು.

ಆದುದರಿಂದ ನಮ್ಮ ಕರ್ತವ್ಯ ಎರಡು: ತಿಳಿದುದನ್ನು ಕೃತಜ್ಞತೆಯಿಂದ ಬಳಸುವುದು, ಅದೇ ನೋವನ್ನು ಮತ್ತೆ ಬೇಡದಿರುವುದು. 1952ರಲ್ಲೇ, ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯನ್ನು ಪ್ರವೇಶಿಸಿದರು. ಅವರ ಪ್ರಯತ್ನದ ಫಲವಾಗಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಪ್ರಯೋಗವನ್ನು ಅದು ನಿಷೇಧಿಸಲಿಲ್ಲ. ಅನಗತ್ಯ ಯಾತನೆಗೆ ತಡೆಯೊಡ್ಡಿತು. ಉಳಿದ ದಾರಿಯನ್ನು ಕ್ರಮಿಸಬೇಕಾದವರು ನಾವು.