ಲಿಬರ್ಟಿ ದ್ವೀಪದ ಅಂಕಿತ: 1965ರ ಅಮೆರಿಕನ್ ವಲಸೆ ಕಾಯಿದೆ ಮತ್ತು ಅದರ ಅನಿರೀಕ್ಷಿತ ಫಲಗಳು

ಆಧುನಿಕ ಅಮೆರಿಕದ ಇತಿಹಾಸದ ತಿರುವುಗಳನ್ನು ಗುರುತಿಸುವವರು ಸಾಮಾನ್ಯವಾಗಿ 1929ರ ಷೇರುಪೇಟೆಯ ಕುಸಿತ, 1941ರ ಪರ್ಲ್ ಹಾರ್ಬರ್ ದಾಳಿ, ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದ 1954ರ ಸುಪ್ರೀಂ ಕೋರ್ಟ್ ತೀರ್ಪು, ವಿಯೆಟ್ನಾಂ ಯುದ್ಧ ಮೊದಲಾದವನ್ನು ಹೆಸರಿಸುತ್ತಾರೆ. ಇವು ನಡೆದ ಕಾಲದಲ್ಲೇ ದೊಡ್ಡವೆಂದು ಎಲ್ಲರಿಗೂ ತಿಳಿದಿದ್ದ ಘಟನೆಗಳು. 1965ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲಿ, ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಅಂಕಿತ ಹಾಕಿದ ವಲಸೆ ಕಾಯಿದೆಗೆ ಅಂಥ ಹೆಸರು ಬರಲಿಲ್ಲ. ಇದು ಕ್ರಾಂತಿಕಾರಕ ಮಸೂದೆಯಲ್ಲ, ಲಕ್ಷಾಂತರ ಜನರ ಬದುಕನ್ನು ತಟ್ಟುವಂಥದೂ ಅಲ್ಲ ಎಂದು ಜಾನ್ಸನ್ ಅವರೇ ಅಂದಿನ ಭಾಷಣದಲ್ಲಿ ಹೇಳಿದ್ದರು. ಮುಂದಿನ ಅರ್ಧ ಶತಮಾನದಲ್ಲಿ ಅಮೆರಿಕದ ಜನಸಮುದಾಯದ ಸ್ವರೂಪವನ್ನು ಈ ಕಾಯಿದೆಯಷ್ಟು ಬದಲಿಸಿದ ಕಾಯಿದೆ ಇನ್ನೊಂದಿಲ್ಲ. ಅದರ ಬಲ ಘೋಷಿತ ಆದರ್ಶಕ್ಕಿಂತ ಹೆಚ್ಚಾಗಿ, ಮಂಡಿಸಿದವರೇ ಅಷ್ಟಾಗಿ ಗಮನಿಸದ ಒಳವಿಧಿಗಳಲ್ಲಿ ಅಡಗಿತ್ತು ಎಂಬುದು ಇಲ್ಲಿಯ ವಾದ.

ಈ ಕಾಯಿದೆ ಏನನ್ನು ಕಿತ್ತುಹಾಕಿತು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೊರಗಿನಿಂದ ಬಂದವರು ಪೌರತ್ವ ಪಡೆಯುವ ಹಕ್ಕನ್ನು 1790ರ ಕಾಯಿದೆ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮಾತ್ರ ಮೀಸಲಿಟ್ಟಿತ್ತು, ಅಂತರ್ಯುದ್ಧದ ನಂತರ, 1870ರಲ್ಲಿ, ಆಫ್ರಿಕನ್ ಮೂಲದವರಿಗೂ ಆ ಹಕ್ಕು ದೊರೆಯಿತಾದರೂ ಏಷ್ಯಾದವರು ಹೊರಗೇ ಉಳಿದರು. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಲಾಯಿತು. 1917ರ ಕಾಯಿದೆಯಂತೂ ಏಷ್ಯಾದ ಬಹುಭಾಗವನ್ನು, ಭಾರತವನ್ನೂ ಒಳಗೊಂಡಂತೆ, ‘ನಿಷೇಧಿತ ವಲಯ’ವೆಂದು ಗುರುತಿಸಿ ಅಲ್ಲಿಂದ ಬರುವ ವಲಸಿಗರಿಗೆ ಬಾಗಿಲು ಮುಚ್ಚಿತು.

ಅದಾಗಲೇ ಒಳಗೆ ಬಂದಿದ್ದವರ ಗತಿ ಏನಾಯಿತು ಎಂಬುದನ್ನು ಭಗತ್ ಸಿಂಗ್ ಥಿಂಡ್ ಪ್ರಕರಣ ತೋರಿಸುತ್ತದೆ. ಪಂಜಾಬಿನಲ್ಲಿ ಹುಟ್ಟಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಥಿಂಡ್ ಅವರ ಪೌರತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ, ಜಪಾನಿನ ಟಕಾವೋ ಓಜಾವಾ ಅವರ ಮನವಿಯನ್ನು ‘ಬಿಳಿಯ ಎಂದರೆ ಕಕೇಶಿಯನ್’ ಎಂಬ ಕಾರಣ ಕೊಟ್ಟು ಅದೇ ನ್ಯಾಯಾಲಯ ತಳ್ಳಿಹಾಕಿ ಮೂರು ತಿಂಗಳಷ್ಟೇ ಆಗಿತ್ತು. ಉತ್ತರ ಭಾರತದ ಮೇಲ್ಜಾತಿಯವರನ್ನು ಅಂದಿನ ಜನಾಂಗಶಾಸ್ತ್ರ ಕಕೇಶಿಯನ್ನರೆಂದೇ ವರ್ಗೀಕರಿಸಿದ್ದುದರಿಂದ ಥಿಂಡ್ ಪರ ವಕೀಲರು ಆ ಮಾತನ್ನೇ ಆಧಾರವಾಗಿ ಹಿಡಿದರು. ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ 1923ರ ಫೆಬ್ರುವರಿ 19ರ ತೀರ್ಪಿನಲ್ಲಿ ತಮ್ಮದೇ ಅಳತೆಗೋಲನ್ನು ಬದಿಗಿಟ್ಟು, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಹಿಂದೂಗಳು ಬಿಳಿಯರಲ್ಲ ಎಂದರು. (ಭಾರತೀಯರೆಲ್ಲರನ್ನೂ ಅಂದು ಅಲ್ಲಿ ಹಿಂದೂಗಳೆಂದೇ ಕರೆಯುತ್ತಿದ್ದರು, ಥಿಂಡ್ ಸಿಖ್ಖರು.) ತೀರ್ಪು ಅನ್ಯಾಯದ್ದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಥಿಂಡ್ ಪರವಾದ ವಾದವೂ ಆರ್ಯರಕ್ತ ಮತ್ತು ಜಾತಿಶುದ್ಧಿಯ ಹೆಮ್ಮೆಯನ್ನೇ ಆಶ್ರಯಿಸಿತ್ತು, ವರ್ಣಭೇದದ ಗೋಡೆಯನ್ನು ಒಡೆಯುವ ಬದಲು ಅದರ ಒಳಗಡೆ ಜಾಗ ಕೇಳಿತ್ತು ಎಂಬುದನ್ನು ಭಾರತೀಯ ಓದುಗರು ಮರೆಯಬಾರದು.

ತೀರ್ಪಿನ ಬೆನ್ನಿಗೇ, ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಸಿದುಕೊಳ್ಳಲಾಯಿತು. 1915ರಲ್ಲಿ ಹೆಂಡತಿ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಗಾಯಿ ಅಂಥವರಲ್ಲೊಬ್ಬರು. ಪೌರತ್ವದೊಂದಿಗೆ ಆಸ್ತಿಯ ಹಕ್ಕನ್ನೂ ಕಳೆದುಕೊಂಡ ಅವರು 1928ರಲ್ಲಿ, ತಮ್ಮ ಸಾವು ಪ್ರತಿಭಟನೆಯೆಂದು ಪತ್ರಿಕೆಗೆ ಬರೆದಿಟ್ಟು, ಆತ್ಮಹತ್ಯೆ ಮಾಡಿಕೊಂಡರು.

1924ರ ಜಾನ್ಸನ್–ರೀಡ್ ಕಾಯಿದೆ ಇದೇ ಪೂರ್ವಗ್ರಹಕ್ಕೆ ಅಂಕಗಣಿತದ ರೂಪ ಕೊಟ್ಟಿತು. ‘ರಾಷ್ಟ್ರೀಯ ಮೂಲ ಪದ್ಧತಿ’ ಎಂದು ಹೆಸರಾದ ಈ ವ್ಯವಸ್ಥೆಯಲ್ಲಿ, ಅಮೆರಿಕದಲ್ಲಿ ಆಗಿದ್ದ ಜನರ ಪೂರ್ವಜರು ಯಾವ ದೇಶದಿಂದ ಎಷ್ಟು ಪ್ರಮಾಣದಲ್ಲಿ ಬಂದಿದ್ದರೋ ಅದಕ್ಕೆ ಅನುಗುಣವಾಗಿ ಆಯಾ ದೇಶಕ್ಕೆ ವಾರ್ಷಿಕ ಕೋಟಾ ಸಿಗುತ್ತಿತ್ತು. 1929ರಿಂದ ಪೂರ್ಣವಾಗಿ ಜಾರಿಗೆ ಬಂದ ಲೆಕ್ಕದ ಪ್ರಕಾರ ಬ್ರಿಟನ್ನಿಗೆ 65,721 ಸ್ಥಾನಗಳು ದೊರೆತರೆ ಇಟಲಿಗೆ ದೊರೆತದ್ದು 5,802. ಆ ಕಾಯಿದೆಯನ್ನು ಸದನದಲ್ಲಿ ವಿರೋಧಿಸಿ ಸೋತವರಲ್ಲಿ ಬ್ರೂಕ್ಲಿನ್ನಿನಿಂದ ಆರಿಸಿಬಂದು ಹಿಂದಿನ ವರ್ಷವಷ್ಟೇ ಸದನ ಸೇರಿದ್ದ ಇಮ್ಯಾನ್ಯುಯೆಲ್ ಸೆಲ್ಲರ್ ಒಬ್ಬರು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ ನೂರರ ಕೋಟಾವನ್ನೂ ಕೊಟ್ಟ ಕಾಯಿದೆಯಲ್ಲಿ ಅವರ ಹೆಸರಿದೆ. 1924ರ ಪದ್ಧತಿಯನ್ನು ರದ್ದುಗೊಳಿಸಿದ 1965ರ ಕಾಯಿದೆ ಕೂಡ ಅವರ ಮತ್ತು ಸೆನೆಟರ್ ಫಿಲಿಪ್ ಹಾರ್ಟ್ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಒಂದು ಅನ್ಯಾಯವನ್ನು ಅಳಿಸಲು ನಾಲ್ಕು ದಶಕ ಕಾದು ನಿಂತ ಸೆಲ್ಲರ್ ಅವರ ಛಲಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ನಾಲ್ಕು ದಶಕ ಆಗದಿದ್ದ ಕೆಲಸ 1965ರಲ್ಲಿ ಆದದ್ದು ಹೇಗೆ? ಶೀತಲ ಸಮರದ ಕಾಲದಲ್ಲಿ ಏಷ್ಯಾ, ಆಫ್ರಿಕಾಗಳ ಹೊಸ ರಾಷ್ಟ್ರಗಳ ಮುಂದೆ ಇಂಥ ಕೋಟಾಗಳು ಅಮೆರಿಕಕ್ಕೆ ಮುಜುಗರ ತಂದಿದ್ದವು ಎಂಬುದು ನಿಜ. ಆದರೂ ನಿರ್ಣಾಯಕ ಒತ್ತಡ ಬಂದದ್ದು ಕರಿಯರ ನಾಗರಿಕ ಹಕ್ಕುಗಳ ಹೋರಾಟದಿಂದ. ಆ ವರ್ಷದ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಮತದಾರರ ಪಟ್ಟಿಗೆ ಸೇರುವ ಹಕ್ಕಿಗಾಗಿ ಹೊರಟಿದ್ದ ಸುಮಾರು 600 ಜನರನ್ನು ಎಡ್ಮಂಡ್ ಪೆಟಸ್ ಸೇತುವೆಯಾಚೆ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಹೊಡೆದೋಡಿಸಿದ ದೃಶ್ಯವನ್ನು ಇಡೀ ದೇಶ ದೂರದರ್ಶನದಲ್ಲಿ ಕಂಡಿತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆ ಬಂತು; ಅಧಿಕಾರಿಯ ಮರ್ಜಿಯಂತೆ ಕರಿಯರನ್ನು ಅನುತ್ತೀರ್ಣಗೊಳಿಸುತ್ತಿದ್ದ ಓದುಬರಹದ ಪರೀಕ್ಷೆಗಳು ದಕ್ಷಿಣದ ಬಹುಭಾಗದಲ್ಲಿ ನಿಂತವು. ಮಿಸಿಸಿಪ್ಪಿಯಲ್ಲಿ ಶೇ. 6.7ರಷ್ಟಿದ್ದ ಕರಿಯ ಮತದಾರರ ನೋಂದಣಿ 1967ರ ಹೊತ್ತಿಗೆ ಶೇ. 59.8ಕ್ಕೆ ಏರಿತು. ವಲಸೆ ಮಸೂದೆ ಪ್ರತಿನಿಧಿ ಸಭೆಯಲ್ಲಿ 318–95 ಮತಗಳಿಂದ ಗೆದ್ದದ್ದು 1965ರ ಅದೇ ಆಗಸ್ಟ್ 25ರಂದು. ಒಳಗಿರುವವರ ನಡುವೆ ಹುಟ್ಟಿನ ಭೇದ ಸಲ್ಲದೆಂದು ಒಪ್ಪಿದ ಸದನಕ್ಕೆ, ಒಳಗೆ ಬರುವವರ ವಿಷಯದಲ್ಲಿ ಅದೇ ಭೇದವನ್ನು ಸಮರ್ಥಿಸಿಕೊಳ್ಳಲು ಮಾತುಗಳೇ ಉಳಿದಿರಲಿಲ್ಲ. ವಲಸಿಗ ಭಾರತೀಯರು ಸೆಲ್ಮಾದ ಆ ನಡಿಗೆಗೆ ಋಣಿಗಳು.

ಹೊಸ ಕಾಯಿದೆ ಪೂರ್ವಾರ್ಧಗೋಳಕ್ಕೆ, ಎಂದರೆ ಯುರೋಪ್, ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳಿಗೆ, ವರ್ಷಕ್ಕೆ 1,70,000 ವೀಸಾಗಳನ್ನೂ ಅಲ್ಲಿಯ ಪ್ರತಿಯೊಂದು ದೇಶಕ್ಕೂ 20,000ದ ಮಿತಿಯನ್ನೂ ಗೊತ್ತುಪಡಿಸಿತು. ಈ ವೀಸಾಗಳನ್ನು ಹಂಚಲು ಏಳು ಆದ್ಯತಾ ವರ್ಗಗಳಿದ್ದವು. ಸರ್ಕಾರದ ಮೂಲ ಮಸೂದೆಯಲ್ಲಿ ಮೊದಲ ಆದ್ಯತೆ ಕೌಶಲಕ್ಕಿತ್ತು. ವಲಸೆ ಉಪಸಮಿತಿಯ ಅಧ್ಯಕ್ಷರಾಗಿದ್ದ ಒಹಾಯೋದ ಮೈಕೆಲ್ ಫೀಗನ್ ಹಟ ಹಿಡಿದು ಅದನ್ನು ಬಂಧುತ್ವಕ್ಕೆ ಬದಲಾಯಿಸಿದರು. ಇದರ ಫಲವಾಗಿ ಪೌರರ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೇ ಶೇ. 24 ಭಾಗ ಮೀಸಲಾಯಿತು, ವೃತ್ತಿಪರರಿಗೆ ಉಳಿದದ್ದು ಶೇ. 10, ಪೌರರ ಸಂಗಾತಿ, ಚಿಕ್ಕ ಮಕ್ಕಳು ಮತ್ತು ತಂದೆತಾಯಿಯರನ್ನು ಮಿತಿಯಿಂದಲೇ ಹೊರಗಿಡಲಾಯಿತು. ಈ ಬದಲಾವಣೆಯನ್ನು ಬಯಸಿದವರ ಲೆಕ್ಕ ಸರಳವಾಗಿತ್ತು: ಅಮೆರಿಕದಲ್ಲಿ ಬಂಧುಗಳಿರುವುದು ಯುರೋಪಿನವರಿಗೆ, ಆದ್ದರಿಂದ ಬರುವವರೂ ಅವರೇ. ಏಷ್ಯಾದಿಂದ ಮೊದಲ ವರ್ಷ 5,000 ಜನ ಬರಬಹುದು, ಆಮೇಲೆ ಆ ಹರಿವು ಬಹುಮಟ್ಟಿಗೆ ನಿಂತುಹೋಗುತ್ತದೆ ಎಂದು ಅಟಾರ್ನಿ ಜನರಲ್ ರಾಬರ್ಟ್ ಕೆನಡಿ 1964ರಲ್ಲೇ ಉಪಸಮಿತಿಗೆ ತಿಳಿಸಿದ್ದರು.

ಲೆಕ್ಕ ತಪ್ಪಿತು. ಯುದ್ಧಾನಂತರ ಚೇತರಿಸಿಕೊಂಡಿದ್ದ ಪಶ್ಚಿಮ ಯುರೋಪಿನವರಿಗೆ ಊರು ಬಿಡುವ ಅಗತ್ಯ ಕಡಿಮೆಯಾಗಿತ್ತು. ಇತ್ತ ಭಾರತದಲ್ಲಿ ಸ್ವಾತಂತ್ರ್ಯಾನಂತರ ಹೆಚ್ಚಿದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಂದ ಇಂಗ್ಲಿಷ್ ಬಲ್ಲ ಪದವೀಧರರು ಹೊರಬರುತ್ತಿದ್ದರು. ವೃದ್ಧರಿಗೆ ಆರೋಗ್ಯವಿಮೆ ಕೊಡುವ ಮೆಡಿಕೇರ್ ಯೋಜನೆಯೂ 1965ರಲ್ಲೇ ಕಾಯಿದೆಯಾಗಿ ಅಮೆರಿಕದ ಆಸ್ಪತ್ರೆಗಳಿಗೆ ವೈದ್ಯರು ಬೇಕಾಗಿದ್ದರು. ವೃತ್ತಿಪರರ ಶೇ. 10ರ ಕಿರುಬಾಗಿಲಿನಿಂದ ಒಳಬಂದ ವೈದ್ಯರೊಬ್ಬರು ಐದು ವರ್ಷಕ್ಕೆ ಪೌರರಾಗಿ, ತಂದೆತಾಯಿಯರನ್ನು ಮಿತಿಯ ಹೊರಗಿನಿಂದಲೂ ಒಡಹುಟ್ಟಿದವರನ್ನು ಶೇ. 24ರ ಪಾಲಿನಿಂದಲೂ ಕರೆಸಿಕೊಳ್ಳಬಹುದಿತ್ತು. ಯುರೋಪಿನ ಸಲುವಾಗಿ ಹೊಲಿದ ಅಂಗಿ ಏಷ್ಯಾದ ಅವಿಭಕ್ತ ಕುಟುಂಬಕ್ಕೆ ಸರಿಯಾಗಿ ಒಪ್ಪಿತು. 1960ರಲ್ಲಿ ಸುಮಾರು 12,000 ಇದ್ದ ಭಾರತ ಸಂಜಾತರ ಸಂಖ್ಯೆ 1980ಕ್ಕೆ ಎರಡು ಲಕ್ಷವನ್ನೂ 2000ಕ್ಕೆ ಹತ್ತು ಲಕ್ಷವನ್ನೂ ದಾಟಿತು.

ಕನ್ನಡದ ಮಟ್ಟಿಗೂ ಈ ಗೆರೆ ಸ್ಪಷ್ಟವಾಗಿದೆ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದದ್ದು ಫುಲ್‌ಬ್ರೈಟ್ ವಿದ್ವಾಂಸರಾಗಿ, ಒಂಟಿ ಅಪವಾದವಾಗಿ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ ಹುಟ್ಟುವ ಹೊತ್ತಿಗೆ ಯುಗಾದಿಗೆ ಒಂದೆಡೆ ಸೇರುವಷ್ಟು ಸಂಸಾರಗಳಿದ್ದವು, 1998ರಲ್ಲಿ ಅಂಥ ಕೂಟಗಳನ್ನು ಒಟ್ಟುಗೂಡಿಸಿ ‘ಅಕ್ಕ’ ಒಕ್ಕೂಟ ರೂಪುಗೊಂಡಿತು.

ಇದೇ ಕಾಯಿದೆ ಇನ್ನೊಂದು ಜನವರ್ಗಕ್ಕೆ ಬಾಗಿಲು ಮುಚ್ಚಿತು. ಅದುವರೆಗೆ ಸಂಖ್ಯಾಮಿತಿಯೇ ಇಲ್ಲದಿದ್ದ ಪಶ್ಚಿಮಾರ್ಧಗೋಳಕ್ಕೆ 1968ರಿಂದ 1,20,000ದ ಮಿತಿ ಬಿತ್ತು. 1976ರ ತಿದ್ದುಪಡಿ ಅಲ್ಲಿಯ ದೇಶಗಳಿಗೂ 20,000ದ ಮಿತಿಯನ್ನು ವಿಸ್ತರಿಸಿತು. ಮೆಕ್ಸಿಕೋದ ಕೃಷಿ ಕಾರ್ಮಿಕರನ್ನು ಹಂಗಾಮಿಗೆ ಕರೆಸಿಕೊಳ್ಳುತ್ತಿದ್ದ, 1950ರ ದಶಕದ ನಡುವಿನಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಕರಾರುಗಳನ್ನು ಕಂಡಿದ್ದ ‘ಬ್ರಸೆರೋ’ ಯೋಜನೆ 1964ರ ಕೊನೆಯಲ್ಲೇ ನಿಂತಿತ್ತು. ಹೊಲಗಳಿಗೆ ಆಳುಗಳು ಆಗಲೂ ಬೇಕಿದ್ದರು, ಬರುವವರೂ ಇದ್ದರು. ಬಂದವರ ಹೆಸರು ಮಾತ್ರ ‘ಅಕ್ರಮ ವಲಸಿಗ’ ಎಂದಾಯಿತು. ಸಮಾನತೆಯ ಹೆಸರಿನ ಕಾಯಿದೆಯ ಅತ್ಯಂತ ದೊಡ್ಡ ಲೋಪ ಇದು.

ಎಲ್ಲ ದೇಶಗಳಿಗೂ ಒಂದೇ ಮಿತಿ ಎಂಬ ಆ ತತ್ವ, 1990ರ ಕಾಯಿದೆಯಲ್ಲಿ ಶೇ. 7ರ ರೂಪ ತಳೆದು, ಈಗ ಭಾರತೀಯರನ್ನೇ ಕಾಯಿಸುತ್ತಿದೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್, ಎಂದರೆ ಕಾಯಂ ವಾಸದ ಪರವಾನಗಿ, ವರ್ಷಕ್ಕೆ ಸುಮಾರು 1,40,000 ಇದ್ದು, ಅದರಲ್ಲಿ ಐಸ್‌ಲೆಂಡಿಗೂ ಭಾರತಕ್ಕೂ ಇರುವ ಮಿತಿ ಒಂದೇ. ಬೆಂಗಳೂರಿನಿಂದ ಹೋದ ಎಂಜಿನಿಯರನ ಮಗು 21 ತುಂಬುವುದರೊಳಗೆ ಅಪ್ಪನ ಸರದಿ ಬಾರದಿದ್ದರೆ ಆ ಮಗುವಿನ ಹೆಸರು ಅಪ್ಪನ ಅರ್ಜಿಯಿಂದ ಬಿದ್ದುಹೋಗಬಹುದು. ಆ ಎಂಜಿನಿಯರ್ ಯಾವ ದೇಶದ ಸಾಲಿನಲ್ಲಿ ನಿಲ್ಲಬೇಕು ಎಂಬುದನ್ನು ಇಂದಿಗೂ ನಿರ್ಧರಿಸುವುದು ಆತ ಹುಟ್ಟಿದ ನೆಲವೇ.