ಹಾಲೆಂಡ್ 1: ಬ್ರಿಟಿಷ್ ನೌಕಾಪಡೆಯ ಮೊದಲ ಜಲಾಂತರ್ಗಾಮಿ

ನೀರಿಗಿಳಿದದ್ದು: 1901, ಬ್ಯಾರೋ-ಇನ್-ಫರ್ನೆಸ್, ಇಂಗ್ಲೆಂಡ್
ವಿನ್ಯಾಸ: ಐರ್ಲೆಂಡ್‌ನಲ್ಲಿ ಹುಟ್ಟಿದ ಜಾನ್ ಫಿಲಿಪ್ ಹಾಲೆಂಡ್
ಉದ್ದ: ಸುಮಾರು 19 ಮೀಟರ್
ಸಿಬ್ಬಂದಿ: 8 ಮಂದಿ

ನೀರಿನ ಮೇಲೆ ಸಾಗಲು ಪೆಟ್ರೋಲ್ ಎಂಜಿನ್, ಒಳಗೆ ಮುಳುಗಿದಾಗ ಬ್ಯಾಟರಿಯಿಂದ ನಡೆಯುವ ಮೋಟಾರು. ಮೂತಿಯಲ್ಲಿ ಒಂದೇ ಟಾರ್ಪೆಡೊ ಕೊಳವೆ. ಇವೆಲ್ಲ ಇದ್ದ ಒಂದೇ ಕೋಣೆಯಲ್ಲಿ ಎಂಟೂ ಜನ ಕೆಲಸ ಮಾಡಬೇಕಿತ್ತು. ಪೆಟ್ರೋಲ್ ಆವಿ ಅವರಿಗೆ ದೊಡ್ಡ ಅಪಾಯವಾಗಿತ್ತು. ಕೆಟ್ಟ ಗಾಳಿಯ ಮುನ್ಸೂಚನೆಗೆಂದು ಬಿಳಿ ಇಲಿಗಳನ್ನು ಜೊತೆಗೆ ಒಯ್ಯುತ್ತಿದ್ದರು.

1913ರಲ್ಲಿ ಗುಜರಿಗೆ ಮಾರಾಟವಾದ ಈ ನೌಕೆ, ಎಳೆದೊಯ್ಯುವಾಗ ಎಡಿಸ್ಟೋನ್ ದೀಪಸ್ತಂಭದ ಬಳಿ ಮುಳುಗಿತು. ಒಳಗೆ ಯಾರೂ ಇರಲಿಲ್ಲ. 1981ರಲ್ಲಿ ಪತ್ತೆಯಾಗಿ, ಮರುವರ್ಷ ಮೇಲೆ ಬಂತು. ಉಕ್ಕಿನೊಳಗೆ ಸೇರಿದ್ದ ಉಪ್ಪು ತುಕ್ಕು ಹೆಚ್ಚಿಸಿದ್ದರಿಂದ, ಇಡೀ ನೌಕೆಯನ್ನು ಸುಮಾರು ನಾಲ್ಕು ವರ್ಷ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ನೆನೆಸಿಟ್ಟರು. ಈಗ ಗಾಸ್ಪೋರ್ಟ್‌ನ ಜಲಾಂತರ್ಗಾಮಿ ವಸ್ತುಸಂಗ್ರಹಾಲಯದಲ್ಲಿದೆ.