ಕೆರೆ, ಜೌಗು ಪ್ರದೇಶ ಹಾಗೂ ವನ್ಯಜೀವಿ ಸಂರಕ್ಷಣೆ: ರೈತರು ತಿಳಿದಿರಬೇಕಾದ ಸರ್ಕಾರಿ ಕಾರ್ಯಕ್ರಮಗಳು

ಕೆರೆ, ಹಿನ್ನೀರು ಹಾಗೂ ಅಳಿವೆಗಳು ಅಂತರ್ಜಲವನ್ನು ಮರುಪೂರಣಗೊಳಿಸುತ್ತವೆ, ನೆರೆಯನ್ನು ತಗ್ಗಿಸುತ್ತವೆ ಮತ್ತು ವಲಸೆ ಹಕ್ಕಿಗಳಿಗೆ ಆಶ್ರಯ ನೀಡುತ್ತವೆ. ಆದರೆ ಎಲ್ಲ ಜಲಮೂಲಗಳಿಗೂ ಒಂದೇ ಕಾನೂನು ಅನ್ವಯಿಸುವುದಿಲ್ಲ. ತಮ್ಮ ಊರಿನ ಕೆರೆ ಯಾವ ವ್ಯವಸ್ಥೆಗೆ ಒಳಪಡುತ್ತದೆ ಎಂಬುದನ್ನು ಅಚ್ಚುಕಟ್ಟಿನ ರೈತರು ಮೊದಲು ಅರಿಯುವುದು ಅಗತ್ಯ.

ಜೌಗು ಪ್ರದೇಶಗಳ ನಿಯಮಗಳು, 2017

ಪರಿಸರ ಸಂರಕ್ಷಣಾ ಕಾಯ್ದೆ, 1986ರಡಿ ರೂಪಿಸಲಾದ ಈ ನಿಯಮಗಳು ರಾಮ್ಸಾರ್ ಪಟ್ಟಿಯಲ್ಲಿರುವ ಹಾಗೂ ಸರ್ಕಾರ ಅಧಿಸೂಚಿಸಿದ ಜೌಗು ಪ್ರದೇಶಗಳಿಗೆ ಅನ್ವಯಿಸುತ್ತವೆ. ಅಲ್ಲಿ ಒತ್ತುವರಿ, ಕೈಗಾರಿಕೆ ಸ್ಥಾಪನೆ, ಘನತ್ಯಾಜ್ಯ ಸುರಿಯುವಿಕೆ, ಸಂಸ್ಕರಿಸದ ಕೊಳಚೆ ನೀರು ಬಿಡುವಿಕೆ ಮತ್ತು ಬೇಟೆ ನಿಷಿದ್ಧ. ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ, ದೋಣಿಕಟ್ಟೆಗಳ ಹೊರತು, ಶಾಶ್ವತ ಕಟ್ಟಡ ಕಟ್ಟುವಂತಿಲ್ಲ.

ಗಮನಿಸಿ: ನದಿಪಾತ್ರ, ಭತ್ತದ ಗದ್ದೆ ಹಾಗೂ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಈ ನಿಯಮಗಳ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಆದ್ದರಿಂದ ನಮ್ಮ ಬಹುಪಾಲು ಊರ ಕೆರೆಗಳಿಗೆ ರಕ್ಷಣೆ ಬೇರೆ ಮಾರ್ಗಗಳಿಂದ ದೊರೆಯಬೇಕಾಗುತ್ತದೆ.

ನೀರಾವರಿ ಕೆರೆಗಳಿಗಿರುವ ಮಾರ್ಗಗಳು

1. ಕೆರೆ ಪ್ರಾಧಿಕಾರ ಅಧಿನಿಯಮ: ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2014 ಕೆರೆಯಂಗಳದ ಒತ್ತುವರಿ ಹಾಗೂ ಮಾಲಿನ್ಯವನ್ನು ತಡೆಯುವ ರಾಜ್ಯದ ಕಾನೂನು.

2. ಸಂರಕ್ಷಣಾ ಮೀಸಲು: ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ಕ್ಕೆ 2002ರಲ್ಲಿ ತಂದ ತಿದ್ದುಪಡಿಯಂತೆ, ಸ್ಥಳೀಯರೊಡನೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ಹೀಗೆ ಘೋಷಿಸಬಹುದು. ಸಲಹಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಮತ್ತು ಕೃಷಿ ಇಲಾಖೆಗೂ ಸ್ಥಾನವಿದೆ. ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ, ಕರಿಜಾಲಿ ಮರಗಳಲ್ಲಿ ಕೊಕ್ಕರೆಗಳು ಗೂಡುಕಟ್ಟುವ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ಇದಕ್ಕೆ ನಿದರ್ಶನ. ನೀರಾವರಿಗಾಗಿ ಕಟ್ಟಿದ ಈ ಎರಡೂ ಕೆರೆಗಳು ಅಘನಾಶಿನಿ ಅಳಿವೆಯೊಂದಿಗೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ರಾಜ್ಯದಿಂದ ಮೊದಲು ಸೇರಿದ್ದು ರಂಗನತಿಟ್ಟು (2022).

3. ಸಮುದಾಯ ಮೀಸಲು: ಖಾಸಗಿ ಅಥವಾ ಸಮುದಾಯದ ಜಮೀನಿನ ಒಡೆಯರು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ಮಾತ್ರ ಇದು ಸಾಧ್ಯ. ಘೋಷಣೆಯಾದ ಬಳಿಕ ನಿರ್ವಹಣಾ ಸಮಿತಿಯ ನಿರ್ಣಯ ಹಾಗೂ ಸರ್ಕಾರದ ಅನುಮೋದನೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಒಪ್ಪಿಗೆ ನೀಡುವ ಮುನ್ನ ಇದನ್ನು ಅರಿತಿರಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಹೆಜ್ಜಾರ್ಲೆ ಹಾಗೂ ಬಣ್ಣದ ಕೊಕ್ಕರೆಗಳು ಗೂಡುಕಟ್ಟುವ ಮರಗಳ ಹುಣಸೆ ಫಸಲನ್ನು ಬಿಟ್ಟುಕೊಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದಿದೆ. ಸಂರಕ್ಷಣೆಯ ಹೊರೆಯನ್ನು ರೈತನೊಬ್ಬನೇ ಹೊರಬಾರದು ಎಂಬ ತತ್ತ್ವ ಇಲ್ಲಿದೆ.

ಅನುದಾನದ ಕಾರ್ಯಕ್ರಮಗಳು

- ಜಲ ಪರಿಸರ ವ್ಯವಸ್ಥೆಗಳ ಸಂರಕ್ಷಣೆಯ ರಾಷ್ಟ್ರೀಯ ಯೋಜನೆ (2013): ವೆಚ್ಚದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40.
- ಅಮೃತ ಧರೋಹರ್ (2023): ರಾಮ್ಸಾರ್ ತಾಣಗಳಲ್ಲಿ ಜೀವವೈವಿಧ್ಯ, ಪರಿಸರ ಪ್ರವಾಸ ಮತ್ತು ಸ್ಥಳೀಯರ ಆದಾಯಕ್ಕೆ ಉತ್ತೇಜನ.
- ಅಮೃತ ಸರೋವರ ಅಭಿಯಾನ (2022): ಪ್ರತಿ ಜಿಲ್ಲೆಯಲ್ಲಿ 75 ಜಲಮೂಲಗಳ ನಿರ್ಮಾಣ ಅಥವಾ ಪುನಶ್ಚೇತನದ ಗುರಿ.

ರೈತರಿಗೆ ಸಲಹೆಗಳು

- ಪಹಣಿ ಹಾಗೂ ಗ್ರಾಮ ನಕಾಶೆಯಲ್ಲಿ ಕೆರೆಯಂಗಳದ ಗಡಿಯನ್ನು ಪರಿಶೀಲಿಸಿ. ಮೋಜಣಿಗಾಗಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಿ.
- ಹೂಳೆತ್ತುವ ಕೆಲಸವನ್ನು ಹಕ್ಕಿಗಳು ಗೂಡು ತೊರೆದ ನಂತರ ಕೈಗೊಳ್ಳಿ. ನಡುಗಡ್ಡೆ ಮತ್ತು ಗೂಡಿನ ಮರಗಳನ್ನು ಉಳಿಸಿ.
- ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ಹಾನಿ ಮಾಡುವುದೂ ಕಾನೂನಿನಲ್ಲಿ ಬೇಟೆಯೆಂದೇ ಪರಿಗಣಿತ.
- ಕೆರೆಯಂಚಿನ ಹೊಲಗಳಲ್ಲಿ ಹುಲ್ಲಿನ ಪಟ್ಟಿ ಬೆಳೆಸಿ. ಕೀಟನಾಶಕ ಸಿಂಪಡಿಸಿದ ಉಪಕರಣಗಳನ್ನು ಕೆರೆಯಲ್ಲಿ ತೊಳೆಯಬೇಡಿ.
- ಮೀಸಲು ಘೋಷಣೆಯ ಪ್ರಸ್ತಾವವನ್ನು ಮೊದಲು ಗ್ರಾಮಸಭೆಯಲ್ಲಿ ಚರ್ಚಿಸಿ. ಮೇಯಿಸುವಿಕೆ, ಮೀನುಗಾರಿಕೆ ಮತ್ತು ತೂಬಿನ ನೀರಿನ ಬಳಕೆಯ ಷರತ್ತುಗಳನ್ನು ನಿರ್ಣಯದಲ್ಲಿ ಲಿಖಿತವಾಗಿ ದಾಖಲಿಸಿ, ವಲಯ ಅರಣ್ಯಾಧಿಕಾರಿಗಳಿಗೆ ಸಲ್ಲಿಸಿ.